ರುವೈಸಿನಲ್ಲಿ ನಾಲ್ಕು ಚಕ್ರವರ್ತಿಗಳ ವರ್ಷ

ಹೋದ ತಿಂಗಳು ಹಳೆಯ ನೆರೆಯವಳು ಸಾಹಿರಾಳನ್ನು ನೋಡಲು ಅಬುಧಾಬಿಯ ಖಲೀಫಾ ಸಿಟಿಯಿಂದ ರುವೈಸಿಗೆ ಹೋಗಿದ್ದೆವು. ಊರು ತಲುಪಲು ಇನ್ನೂ ಇಪ್ಪತ್ತು ನಿಮಿಷ ಇದ್ದಾಗಲೇ ಕಾರಿನ ಎಸಿಯ ಕಿಂಡಿಯಿಂದ ಆ ವಾಸನೆ ಒಳಗೆ ಬಂತು. ಸಮುದ್ರದ ಉಪ್ಪು, ಅದರ ಬೆನ್ನಿಗೇ ರಿಫೈನರಿಯ ಸ್ವಲ್ಪ ಗಂಧಕ. "ಬಂತು ನೋಡು ನಿನ್ನ ಊರು" ಎಂದು ನನ್ನ ಗಂಡ ಹೆನ್ರಿ ನಕ್ಕರು. ನನಗೆ ನಗು ಬರಲಿಲ್ಲ. ಹನ್ನೊಂದು ವರ್ಷ ಆ ವಾಸನೆಯಲ್ಲೇ ಬಟ್ಟೆ ಒಣಗಿಸಿದವಳು ನಾನು. ಆದರೂ ಅದು ಮೂಗಿಗೆ ತಾಗಿದಾಗ ಉಳಿದ ಹತ್ತು ವರ್ಷಗಳು ಎಲ್ಲಿಗೋ ಹೋಗಿಬಿಡುತ್ತವೆ, ಒಂದೇ ಒಂದು ವರ್ಷ ಮುಂದೆ ಬಂದು ನಿಲ್ಲುತ್ತದೆ.

ಹೆನ್ರಿ ಆಗ ಒಂದು ನಿರ್ವಹಣಾ ಗುತ್ತಿಗೆ ಕಂಪನಿಯಲ್ಲಿ ಟೆಕ್ನಿಶಿಯನ್. ಕಂಪನಿ ಹಿಡಿದಿದ್ದ ಹನ್ನೆರಡು ಮನೆಗಳು ಒಂದೇ ಸಾಲಿನಲ್ಲಿದ್ದವು. ಒಂದೇ ಬಣ್ಣ, ಒಂದೇ ಪರದೆ, ಒಂದೇ ಕಂದು ಸೋಫಾ. ಸಾಲಿನ ನಡುವಿನ ಏಳನೇ ವಿಲ್ಲಾ ಸ್ವಲ್ಪ ದೊಡ್ಡದು, ಅದು ಸೈಟ್ ಮ್ಯಾನೇಜರರದು. ನಾವು ಮನೆಗಳನ್ನು ಜನರ ಹೆಸರಿನಿಂದ ಕರೆಯುತ್ತಿರಲಿಲ್ಲ. "ಮೂರಕ್ಕೆ ಮಗು ಆಯ್ತಂತೆ", "ಏಳಕ್ಕೆ ಕೋಪ ಬಂದಿದೆ" ಎನ್ನುತ್ತಿದ್ದೆವು. ಜನ ಬದಲಾಗುತ್ತಿದ್ದರು, ನಂಬರು ಬದಲಾಗುತ್ತಿರಲಿಲ್ಲ.

ಆ ಜನವರಿಯಲ್ಲಿ ನಮ್ಮ ಮಗಳು ಶರಲ್ ಶಾಲೆಯ ಇತಿಹಾಸ ಸಂಘದ ಗೋಡೆಪತ್ರಿಕೆಯ ಕೆಲಸ ತಲೆಯ ಮೇಲೆ ಹಾಕಿಕೊಂಡಳು. ಪುರಾತನ ಕಾಲದ ಯಾವುದಾದರೂ ಒಂದು ವರ್ಷವನ್ನು ಆರಿಸಿಕೊಳ್ಳಬೇಕು. ಆ ವರ್ಷದಲ್ಲಿ ನಡೆದದ್ದನ್ನು ತಿಂಗಳಿಗೊಂದು ಹಾಳೆಯಂತೆ, ಈಗಷ್ಟೇ ಬಂದ ಸುದ್ದಿಯ ಹಾಗೆ ಬರೆಯಬೇಕು. ಅವಳು ಆರಿಸಿದ್ದು ಕ್ರಿಸ್ತಶಕ ಅರವತ್ತೊಂಬತ್ತು. ರೋಮಿನಲ್ಲಿ ಆ ಒಂದೇ ವರ್ಷ ನಾಲ್ವರು ಚಕ್ರವರ್ತಿಗಳು.

"ನಾಲ್ಕು ಜನರಾ? ಒಂದೇ ವರ್ಷದಲ್ಲಾ?" ಎಂದೆ.

"ಯೆಸ್ ಮಮ್ಮಾ. ಸೂಪರ್ ಡ್ರಾಮಾ. ನೀನು ಫೇರ್ ಕಾಪಿ ಮಾಡಿ ಕೊಡ್ಬೇಕು, ನನ್ನ ರೈಟಿಂಗ್ ಕಾಗೆ ಕಾಲು."

ಅಕ್ಷರ ನನ್ನ ಒಂದೇ ಆಸ್ತಿ. ಮಂಗಳೂರಿನ ಕಾನ್ವೆಂಟಿನಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ಹತ್ತು ವರ್ಷ ತಿದ್ದಿದ್ದು. ಬಾಲ ಉದ್ದವಾದರೆ ಸಿಸ್ಟರ್ ಗೆಣ್ಣಿಗೆ ಅಡಿಕೋಲಿನಿಂದ ಹೊಡೆಯುತ್ತಿದ್ದರು. ಹಾಗಾಗಿ ನಮ್ಮ ಸಾಲಿನಲ್ಲಿ ಹುಟ್ಟುಹಬ್ಬದ ಕಾರ್ಡಿರಲಿ, ಶಾಲೆಗೆ ರಜೆಯ ಪತ್ರವಿರಲಿ, ಬರೆಯುವವಳು ನಾನೇ. ಭಟ್ಕಳದ ಸಾಹಿರಾ ಐದನೇ ಮನೆಯವಳು. ಅವಳ ನವಾಯತಿ, ನನ್ನ ಕೊಂಕಣಿ ಅರ್ಧ ಒಂದೇ, ಉಳಿದರ್ಧಕ್ಕೆ ಕನ್ನಡ. "ನಿನ್ನ ಅಕ್ಷರ ನೋಡಿದ್ರೆ ಸುಳ್ಳೂ ಸತ್ಯದ ಹಾಗೆ ಕಾಣ್ತದೆ ಐರಿನ್‌ಬಾಯ್" ಎನ್ನುತ್ತಿದ್ದಳು.

ಜನವರಿಯ ಹಾಳೆಯಲ್ಲಿ ರೈನ್ ನದಿಯ ದಂಡುಗಳು ಹೊಸ ವರ್ಷದ ದಿನ ಮುದುಕ ಗಾಲ್ಬಾನಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಅವನನ್ನು ರೋಮಿನ ಪೇಟೆಯ ನಡುವೆಯೇ ಅವನ ಕಾವಲು ದಂಡಿನವರು ಕೊಂದರು, ಓಥೋ ಎಂಬವನು ಪಟ್ಟಕ್ಕೇರಿದ. ನಾನು ಇದನ್ನು ನೀಲಿ ಶಾಯಿಯಲ್ಲಿ ಬರೆಯುತ್ತಿದ್ದ ವಾರವೇ ನಮ್ಮ ಏಳನೇ ವಿಲ್ಲಾದ ಮುದುಕ ಮ್ಯಾನೇಜರರನ್ನು ಮುಖ್ಯ ಕಚೇರಿ ವಾಪಸ್ ಕರೆಸಿಕೊಂಡಿತು. ಶುಕ್ರವಾರದ ಪೇಟೆಯ ಬಸ್ಸನ್ನು ನಿಲ್ಲಿಸಿದ್ದವರು ಅವರು, ಯಾರೂ ಅಳಲಿಲ್ಲ. ಶರಲ್ ಮಾತ್ರ "ಗಾಲ್ಬಾ ಔಟ್!" ಎಂದು ಕುಣಿದಳು. ಅವರ ಜಾಗಕ್ಕೆ ಕೋಟ್ಟಯಂನ ಥಾಮಸ್ ಸರ್ ಬಂದರು. ಮಕ್ಕಳಿಲ್ಲದ, ಮೆತ್ತಗೆ ಮಾತಾಡುವ ಮನುಷ್ಯ. ಬಸ್ಸು ಮರಳಿ ಬಂತು. ಹೆನ್ರಿ ಊಟದ ಡಬ್ಬಿಯನ್ನು ಖಾಲಿ ಮಾಡಿಕೊಂಡು ಬರತೊಡಗಿದರು. ಸೈಟಿನಲ್ಲಿ ನೆಮ್ಮದಿ ಇದೆಯೋ ಇಲ್ಲವೋ ಎಂದು ನನಗೆ ತಿಳಿಸುತ್ತಿದ್ದದ್ದು ಆ ಡಬ್ಬಿಯೇ.

ಆ ನೆಮ್ಮದಿ ನಮಗೆ ಬೇಕಾಗಿತ್ತು. ಹೆನ್ರಿಯ ಕಾಂಟ್ರಾಕ್ಟ್ ಡಿಸೆಂಬರ್ ಕೊನೆಗೆ ಮುಗಿಯುತ್ತಿತ್ತು. ಶರಲ್ ಏಪ್ರಿಲ್‌ನಲ್ಲಿ ಹನ್ನೆರಡನೇ ಕ್ಲಾಸಿಗೆ ಹೋಗುವವಳು, ಬೋರ್ಡ್ ಪರೀಕ್ಷೆ ಮರುವರ್ಷದ ಮಾರ್ಚಿನಲ್ಲಿ. ನಡುವೆ ಮೂರು ತಿಂಗಳು. ಕಾಂಟ್ರಾಕ್ಟ್ ಮುಂದುವರಿಯದಿದ್ದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಮನೆ ಹೋಗುತ್ತದೆ. ಹನ್ನೆರಡರ ನಡುವೆ ಶಾಲೆ ಬದಲಿಸಲು ಬರುವುದಿಲ್ಲ. ಹುಡುಗಿಯ ಒಂದು ವರ್ಷವೇ ಹೋಗುತ್ತದೆ. ಇದನ್ನು ನಾವಿಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮಾತಾಡಿದರೆ ಅದು ನಿಜವಾಗಿಬಿಡುತ್ತದೆ ಎನ್ನುವ ಹಾಗೆ.

ಮಾರ್ಚ್ ಕೊನೆಗೆ ಥಾಮಸ್ ಸರ್ ಕೂಡ ಹೋಗುತ್ತಾರೆ ಎಂಬ ಸುದ್ದಿ ಹಬ್ಬಿತು. ಬರುವವರು ಫುಜೈರಾದಲ್ಲಿ ಅರ್ಧ ಸೈಟನ್ನು ಮನೆಗೆ ಕಳಿಸಿದವರಂತೆ. ಗಂಡಸರು ನಮ್ಮ ಮನೆಯ ಹಾಲ್‌ನಲ್ಲಿ ಸೇರಿದರು. ಥಾಮಸ್ ಸರ್ ಅವರನ್ನೇ ಇಲ್ಲಿ ಉಳಿಸಿ ಎಂದು ಮುಖ್ಯ ಕಚೇರಿಗೆ ಒಂದು ಬಿನ್ನಹ ಬರೆಯುವುದು, ಈಸ್ಟರ್ ಮುಗಿದ ಸೋಮವಾರ ಅಬುಧಾಬಿಯ ಮೀಟಿಂಗಿಗೆ ಹೋಗುವ ಥಾಮಸ್ ಸರ್ ಕೈಯಲ್ಲೇ ಅದನ್ನು ಕಳಿಸುವುದು ಎಂದಾಯಿತು.

"ಐರಿನ್ ಬರೀಲಿ. ಅವಳ ಅಕ್ಷರ ನೋಡಿಯಾದ್ರೂ ಓದ್ತಾರೆ" ಎಂದರು ಹೆನ್ರಿ.

ಬರೆದೆ. ಬಿನ್ನಹಕ್ಕೆ ಕಾರಣ ಕೊಡದಿದ್ದರೆ ಅದು ಬರೀ ಹಟ ಎಂದು ಸಿಸ್ಟರ್ ಕಲಿಸಿದ್ದರು. ಆದ್ದರಿಂದ ಯಾರೂ ಹೇಳದಿದ್ದ ಒಂದು ಸಾಲನ್ನು ನಾನೇ ಸೇರಿಸಿದೆ: ಬರಲಿರುವವರ ಕೈಯಲ್ಲಿ ಈಗಾಗಲೇ ಒಂದು ಸೈಟು ಹಾಳಾಗಿದೆ, ಅವರು ನಮಗೆ ಬೇಡ. ಓದಿ ಹೇಳಿದಾಗ ಎಲ್ಲರೂ ತಲೆದೂಗಿದರು. ಏಳು ಬಿಟ್ಟು ಹನ್ನೊಂದು ಮನೆ, ಗಂಡ ಹೆಂಡತಿ ಸೇರಿ ಇಪ್ಪತ್ತೆರಡು ಸಹಿ. ಮೊದಲ ಸಹಿ ಹೆನ್ರಿಯದು.

ಈಸ್ಟರಿನ ಮುನ್ನಾದಿನ ಶನಿವಾರ ರವೆ ತೆಂಗಿನಕಾಯಿಯ ಬಾತ್ ಕೇಕು ಮಾಡಿ, ತಟ್ಟೆಯಲ್ಲಿ ಮೊಟ್ಟೆಯಾಕಾರದ ಮಾರ್ಜಿಪಾನ್ ಮಿಠಾಯಿ ಜೋಡಿಸಿ, ಲಕೋಟೆ ಹಿಡಿದುಕೊಂಡು ಏಳಕ್ಕೆ ಹೋದೆ. ಬಾಗಿಲು ತೆರೆದದ್ದು ಒಬ್ಬ ಹೆಂಗಸು. ಹಿಂದೆ ಅದೇ ಪರದೆ, ಅದೇ ಕಂದು ಸೋಫಾ. ಹಬ್ಬಕ್ಕೆ ಥಾಮಸ್ ಸರ್ ತಂಗಿ ಬರುತ್ತಾಳೆ ಎಂದು ಕೇಳಿದ್ದೆ.

"ಇದನ್ನು ಸರ್‌ಗೆ ಕೊಡಿ. ಅವರ ಕೈಗೆ ಮಾತ್ರ" ಎಂದೆ ಇಂಗ್ಲಿಷಿನಲ್ಲಿ.

ಅವರು ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಎಷ್ಟು ಒಳ್ಳೆಯವರು ನೀವೆಲ್ಲ" ಎಂದರು. ವಾಪಸ್ ಬರುವಾಗ ಬಾಗಿಲ ಬಳಿ ಎರಡು ಜೊತೆ ಪುಟ್ಟ ಶೂಗಳು ಕಂಡವು. ಒಂದರ ಲೇಸ್ ಬಿಚ್ಚಿತ್ತು. ಕಂಡವು, ಅಷ್ಟೇ. ಸಣ್ಣ ಸಣ್ಣದೆಲ್ಲ ಕಾಣುತ್ತದೆ ನನಗೆ, ಅರ್ಥವಾಗುವುದು ಮಾತ್ರ ತಡ.

ಸಂಜೆ ಹೆನ್ರಿ ಬಂದು ಶೂ ಬಿಚ್ಚುತ್ತ, "ಥಾಮಸ್ ಸರ್ ಮೊನ್ನೆಯೇ ಹೋಗಿಬಿಟ್ರಂತೆ ಮಾರಾಯ್ತಿ. ಯಾರಿಗೂ ಹೇಳ್ಲಿಲ್ಲ. ಏಳಕ್ಕೆ ನಿನ್ನೆ ಹೊಸಬರು ಬಂದಾಯ್ತು, ಹೆಂಡತಿ, ಎರಡು ಮಕ್ಕಳು" ಎಂದರು.

"ಎರಡು ಮಕ್ಕಳಾ?" ಎಂದೆ. ಬಾಗಿಲ ಬಳಿಯ ಪುಟ್ಟ ಶೂಗಳು ಕಣ್ಣಮುಂದೆ ಬಂದವು.

"ಎಂತ ಆಯ್ತು?"

ಹೇಳಿದೆ. ಹೆನ್ರಿಯ ಒಂದು ಶೂ ಕಾಲಲ್ಲಿ, ಒಂದು ಕೈಯಲ್ಲಿ. "ಯಾರಿಗೂ ಹೇಳ್ಬೇಡ. ಒಡೆಯದೆ ಬಿಸಾಡಿರ್ಲಿಕ್ಕೂ ಸಾಕು" ಎಂದರು. ಆ ಮಾತನ್ನು ಅವರೂ ನಂಬಲಿಲ್ಲ.

ಸಾಲಿನವರೆಲ್ಲ ಕೇಳಿದರು, ಪತ್ರ ಕೊಟ್ಟೆಯಾ ಎಂದು. "ಏಳಕ್ಕೆ ಕೊಟ್ಟೆ" ಎಂದೆ. ಹೋಗುವ ಮುನ್ನ ಥಾಮಸ್ ಸರ್‌ಗೆ ಸಿಕ್ಕಿತು, ಕಚೇರಿಯವರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಅವರೆಲ್ಲ ತಿಳಿದುಕೊಂಡರು. ಒಂದು ಅಕ್ಷರ ಸುಳ್ಳಿಲ್ಲ, ಆದರೂ ಅಷ್ಟು ದೊಡ್ಡ ಸುಳ್ಳನ್ನು ನಾನು ಜೀವನದಲ್ಲಿ ಹೇಳಿರಲಿಲ್ಲ. ಪಾದ್ರಿಯ ಮುಂದೆ ಪಾಪ ನಿವೇದಿಸಿದೆ. ಜಪಮಾಲೆ ಹೇಳು, ಹೇಳಬೇಕಾದವರಿಗೆ ಹೇಳು ಎಂದರು. ಜಪಮಾಲೆ ಹೇಳಿದೆ. ಸಾಹಿರಾ ಒಬ್ಬಳಿಗೆ ಮಾತ್ರ ಹೇಳಿದೆ. ಅವಳು ಬಾಯಿಗೆ ಕೈ ಇಟ್ಟುಕೊಂಡು, "ಅಲ್ಲಾ! ಉಳಿದವರ ಹತ್ರ ಮಾತ್ರ ಬಾಯಿ ಬಿಡ್ಬೇಡ. ನಿನ್ನನ್ನು ಹುರಿದು ತಿಂತಾರೆ" ಎಂದಳು.

ಗೋಡೆಪತ್ರಿಕೆಯ ಆ ತಿಂಗಳ ಹಾಳೆಯನ್ನು ಮೂರು ಸಲ ಹರಿದು ಮತ್ತೆ ಬರೆದೆ. ಏಪ್ರಿಲ್‌ನಲ್ಲಿ ಓಥೋ ಯುದ್ಧ ಸೋತ. ಇನ್ನಷ್ಟು ಜನ ತನಗಾಗಿ ಸಾಯುವುದು ಬೇಡವೆಂದು ತಾನೇ ಪ್ರಾಣ ಬಿಟ್ಟ. ಅದಕ್ಕೆ ಮೊದಲು, ತನ್ನನ್ನು ಹೊಗಳಿ ಗೆಲ್ಲುವವನನ್ನು ಬೈದು ಜನ ಬರೆದಿದ್ದ ಕಾಗದಗಳನ್ನೆಲ್ಲ ಸುಟ್ಟುಹಾಕಿದನಂತೆ, ಬರೆದವರಿಗೆ ಆಮೇಲೆ ತೊಂದರೆಯಾಗದಿರಲಿ ಎಂದು. ಅದರ ಪಕ್ಕದ ಚೌಕದಲ್ಲಿ ಶರಲ್ ಇನ್ನೊಂದು ಸುದ್ದಿ ಹಾಕಿದ್ದಳು. ಗಾಲ್ಬಾನನ್ನು ಕೊಂದದ್ದರಲ್ಲಿ ನಮ್ಮ ಪಾಲೂ ಇದೆ, ಬಹುಮಾನ ಕೊಡಿ ಎಂದು ನೂರ ಇಪ್ಪತ್ತಕ್ಕೂ ಹೆಚ್ಚು ಮಂದಿ ಓಥೋನಿಗೆ ಅರ್ಜಿ ಬರೆದಿದ್ದರು. ಆ ಕಟ್ಟು ಮಾತ್ರ ಹೊಸ ಚಕ್ರವರ್ತಿ ವಿಟೆಲಿಯಸನ ಕೈಗೆ ಸಿಕ್ಕಿತು. ಅವನು ಒಬ್ಬೊಬ್ಬರನ್ನೇ ಹುಡುಕಿಸಿ ಕೊಲ್ಲಿಸಿದ.

"ಯಾಕೆ? ಗಾಲ್ಬಾ ಅವನಿಗೆ ಏನಾಗಬೇಕಿತ್ತು?" ಎಂದೆ.

"ನಥಿಂಗ್. ಅವನಿಗೆ ಗಾಲ್ಬಾನ ಮೇಲೆ ಪ್ರೀತಿ ಇಲ್ಲ ಮಮ್ಮಾ. ಇವತ್ತು ಗಾಲ್ಬಾನಿಗೆ ಮಾಡಿದವರು ನಾಳೆ ನನಗೂ ಮಾಡ್ತಾರೆ ಅಂತ." ಅವಳು ಪೆನ್ನಿನ ತುದಿ ಕಚ್ಚುತ್ತ ಸಹಜವಾಗಿ ಹೇಳಿದಳು. ಲಕೋಟೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಹೊಸ ಮ್ಯಾನೇಜರ್ ನಾಗಪುರದವರು. ದಪ್ಪ ಹೊಟ್ಟೆ ನೋಡಿ ಶರಲ್ ಅವರಿಗೆ ವಿಟೆಲಿಯಸ್ ಎಂದೇ ಹೆಸರಿಟ್ಟಳು. ಯಾರ ಮೇಲೂ ಕೂಗುತ್ತಿರಲಿಲ್ಲ, ಯಾರನ್ನೂ ಮಾತಾಡಿಸುತ್ತಲೂ ಇರಲಿಲ್ಲ. ಅವರ ಹೆಂಡತಿ ವಂದನಾ ಸಂಜೆ ಪಾರ್ಕಿಗೆ ಮಕ್ಕಳನ್ನು ಕರೆದುಕೊಂಡು ಬಂದು ದೂರದ ಬೆಂಚಿನಲ್ಲಿ ಕೂರುತ್ತಿದ್ದರು. ನಾವು ನಮಸ್ತೆ ಎಂದರೆ ಅವರೂ ನಮಸ್ತೆ. ಅಷ್ಟೇ. "ದೊಡ್ಡ ಗರ್ವ" ಎಂದರು ಮೂರನೇ ಮನೆಯವರು. ನಾನು ನೆಲ ನೋಡಿದೆ.

ಬೇಸಿಗೆ ಬಂತು. ಬೆಳಿಗ್ಗೆ ಆರಕ್ಕೇ ಕಿಟಕಿಯ ಹೊರಗಾಜಿನಿಂದ ನೀರು ಇಳಿಯುತ್ತಿತ್ತು, ನಲ್ಲಿ ತಿರುಗಿಸಿದರೆ ತಣ್ಣೀರೂ ಕುದಿನೀರು. ದೂರದ ರಿಫೈನರಿಯ ಬೆಂಕಿ ಹಗಲು ಬಿಳಿ ಆಕಾಶದಲ್ಲಿ ಕಾಣುತ್ತಲೇ ಇರಲಿಲ್ಲ, ಬರೀ ಗಾಳಿ ನಡುಗುವುದು ಕಾಣುತ್ತಿತ್ತು. ಜೂನಿನಲ್ಲಿ ಎರಡನೇ ಮನೆಯವರಿಗೆ ಖಲಾಸ್, ಕೆಲಸ ಮುಗಿಯಿತು ಎಂದರು. ಆಗಸ್ಟಿನಲ್ಲಿ ಒಂಬತ್ತನೇ ಮನೆ, ಎಂಟು ದಿನ ಬಿಟ್ಟು ಹನ್ನೊಂದನೇ ಮನೆ. ಮೂವರದೂ ಸಹಿ ಇತ್ತು. ಹನ್ನೊಂದನೆಯವರು ರಟ್ಟಿನ ಪೆಟ್ಟಿಗೆ ಕಟ್ಟುವಾಗ ನಾನು ಪಾತ್ರೆಗಳಿಗೆ ಹಳೆಯ ಪೇಪರು ಸುತ್ತಿ ಕೊಟ್ಟೆ. ಆಕೆ "ನಿನ್ನ ಉಪಕಾರ ಮರೆಯುದಿಲ್ಲ ಐರಿನ್" ಎಂದು ಅತ್ತಳು. ನಾನು ಇನ್ನೊಂದು ತಟ್ಟೆಗೆ ಪೇಪರು ಸುತ್ತಿದೆ.

ಹೆನ್ರಿಯ ಡಬ್ಬಿ ಮತ್ತೆ ಅರ್ಧ ತುಂಬಿಯೇ ಬರತೊಡಗಿತು. ಸೆಪ್ಟೆಂಬರಿಗೆ ಬರಬೇಕಿದ್ದ ರಿನ್ಯೂವಲ್ ಕಾಗದ ಬರಲಿಲ್ಲ. ಎಚ್‌ಆರ್ ಅವರನ್ನು ಕೇಳಿದರೆ "ಸೈನ್ ಆಗ್ಬೇಕು" ಎಂಬ ಒಂದೇ ಉತ್ತರ.

ಅಕ್ಟೋಬರಿನಲ್ಲಿ ಶಾಲೆಯಲ್ಲಿ ಪೋಷಕರ ಸಭೆ. ಶರಲ್‌ಳ ಟೀಚರನ್ನು ಕಂಡು ಅವಳ ಜೊತೆ ಹೊರಬಂದೆ. ಕಾರಿಡಾರಿನಲ್ಲಿ ಗೋಡೆಪತ್ರಿಕೆ. ಹಳೆಯ ತಿಂಗಳುಗಳನ್ನೂ ತೆಗೆಯದೆ ಸಾಲಾಗಿ ಅಂಟಿಸಿದ್ದರು. ಅದರ ಮುಂದೆ ವಂದನಾ ನಿಂತಿದ್ದರು, ಕೈಚೀಲವನ್ನು ಎದೆಗೆ ಒತ್ತಿಕೊಂಡು. ಓದುತ್ತಿದ್ದದ್ದು ಏಪ್ರಿಲ್ ಹಾಳೆ. ನಾನು ತಿರುಗಿ ಹೋಗುವಷ್ಟರಲ್ಲಿ ಅವರು ಕಂಡುಬಿಟ್ಟರು.

"ನಿಮ್ಮ ಮಗಳ ಅಕ್ಷರವಾ?" ಎಂದು ಶರಲ್‌ಳನ್ನು ನೋಡಿದರು.

"ನೋ ಆಂಟಿ, ಮಮ್ಮಾಸ್!" ಎಂದಳು ಶರಲ್ ಹೆಮ್ಮೆಯಿಂದ. "ನಮ್ಮ ಸಾಲಿನಲ್ಲಿ ಏನಿದ್ರೂ ಮಮ್ಮಾನೇ ಬರೆಯೋದು."

ವಂದನಾ ನನ್ನ ಮುಖ ನೋಡಿದರು. ಆಮೇಲೆ ನನ್ನ ಬಲಗೈ ನೋಡಿದರು. ನನ್ನ ತೋರುಬೆರಳಿನಲ್ಲಿ ಶಾಯಿಯ ಕಲೆ ಇತ್ತು. "ಹೌದಾ" ಎಂದು ಹೇಳಿ ಮಕ್ಕಳ ಕೈ ಹಿಡಿದು ನಡೆದರು.

ಆ ಇರುಳು ಜಪಮಾಲೆಯಲ್ಲಿ ಮಣಿ ತಪ್ಪಿತು. ಬೆಳಿಗ್ಗೆ ಶಾಲೆಯ ಬಸ್ಸು ಹೋದ ಮೇಲೆ ನಾನು ಏಳನೇ ವಿಲ್ಲಾದ ಗಂಟೆ ಒತ್ತಿದೆ. ಹೆನ್ರಿಗೆ ಹೇಳಿರಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದರು, ಬೇಡ ಎಂದಿದ್ದರೆ ನನಗೂ ಅದೇ ಬೇಕಾಗಿತ್ತು.

ವಂದನಾ ಒಳಗೆ ಕರೆದು ಕೂರಿಸಿದರು. ಮಾತು ಹಿಂದಿಯಲ್ಲಿ ನಡೆಯಿತು, ನನ್ನದು ಮುರುಕು ಹಿಂದಿ.

"ಈಸ್ಟರಿಗೆ ನಾನೊಂದು ಲಕೋಟೆ ಕೊಟ್ಟಿದ್ದೆ. ಬರೆದದ್ದು ನಾನು. ಆ ಕೆಟ್ಟ ಸಾಲೂ ನನ್ನದೇ, ಯಾರೂ ಹೇಳಿಕೊಟ್ಟದ್ದಲ್ಲ. ಸಹಿ ಹಾಕಿದವರನ್ನು ಬಿಟ್ಟುಬಿಡಿ ಅಂತ ಸರ್‌ಗೆ ಹೇಳಿ. ಮಾರ್ಚಿನಲ್ಲಿ ನನ್ನ ಮಗಳ ಪರೀಕ್ಷೆ ಇದೆ." ಒಂದೇ ಉಸಿರಿನಲ್ಲಿ ಹೇಳಿದೆ, ಬಾಯಿಪಾಠ ಒಪ್ಪಿಸುವ ಹಾಗೆ.

"ಅವರು ಅದನ್ನು ನೋಡಲೇ ಇಲ್ಲ" ಎಂದರು ವಂದನಾ.

ನನಗೆ ತಿಳಿಯಲಿಲ್ಲ.

"ಸರ್ ಕೈಗೆ ಮಾತ್ರ ಅಂದಿರಿ ನೀವು. ಗಂಡನ ಕೈಗೆ ಮಾತ್ರ ಕೊಡು ಅಂತ ಒಬ್ಬ ಹೆಂಗಸು ಲಕೋಟೆ ಕೊಟ್ಟು ಹೋದರೆ, ಒಡೆಯದೆ ಇರುವ ಹೆಂಡತಿ ಯಾರಿದ್ದಾಳೆ?" ಅವರ ತುಟಿಯ ಒಂದು ಮೂಲೆ ನಕ್ಕಿತು. ಕಣ್ಣು ನಗಲಿಲ್ಲ. "ಈ ಊರಿಗೆ ಬಂದು ಎರಡನೇ ದಿನ. ಕೇಕ್ ತಿಂತಾ ಓದಿದೆ. ನಾವು ಬೇಡ ಅಂತ ಇಪ್ಪತ್ತೆರಡು ಜನ. ಮೂರು ವಾರ ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟಿದ್ದೆ. ಸಿಟ್ಟು ಬಂದಾಗೆಲ್ಲ ತೆಗೆದು ಓದುತ್ತಿದ್ದೆ. ಇವತ್ತು ಅವರಿಗೆ ಕೊಟ್ಟೇಬಿಡ್ತೇನೆ ಅಂತ."

"ಆಮೇಲೆ?"

"ಮಕ್ಕಳನ್ನು ಬಿಡಲು ಶಾಲೆಗೆ ಹೋದಾಗ ಗೋಡೆಯ ಮೇಲೆ ಅದೇ ಅಕ್ಷರ ಕಂಡಿತು. ಒಬ್ಬ ಕಾಗದ ಸುಟ್ಟ, ಇನ್ನೊಬ್ಬ ಕಾಗದ ಹಿಡಿದು ಜನರನ್ನು ಹುಡುಕಿದ. ಎರಡು ಸಲ ಓದಿದೆ. ಮನೆಗೆ ಬಂದು ಗ್ಯಾಸಿನ ಉರಿಗೆ ಹಿಡಿದೆ."

ಎಸಿ ನಿಂತು ಮತ್ತೆ ಹತ್ತಿಕೊಂಡಿತು. "ಮತ್ತೆ ಆ ಮೂರು ಮನೆಯವರು?" ಎಂದೆ.

"ಆ ಪಟ್ಟಿ ಮುಖ್ಯ ಕಚೇರಿಯಲ್ಲಿ ಮಾರ್ಚಿಗೇ ತಯಾರಾಗಿತ್ತು. ಇವರು ಅದನ್ನು ಹಿಡಿದುಕೊಂಡೇ ಬಂದದ್ದು. ಫುಜೈರಾದಲ್ಲೂ ಹಾಗೇ. ಮುಚ್ಚಬೇಕು ಅಂತ ತೀರ್ಮಾನವಾದ ಕಡೆಗೇ ಇವರನ್ನು ಕಳಿಸ್ತಾರೆ. ನಾವು ಹೋದಲ್ಲೆಲ್ಲ ಯಾರಾದರೂ ಪೆಟ್ಟಿಗೆ ಕಟ್ಟುತ್ತಿರುತ್ತಾರೆ. ನಿಮ್ಮ ಗಂಡನ ಹೆಸರು ಅದರಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಹಾಗೂ ಇಲ್ಲ. ಹೆನ್ರಿ ಅನ್ನುವ ಹೆಸರು ನಿನಗೆ ಹೇಗೆ ಗೊತ್ತು ಅಂತ ಅವರು ಕೇಳಿದರೆ ಏನು ಹೇಳಲಿ?"

ಬಾಗಿಲವರೆಗೆ ಬಂದಾಗ ಅವರು, "ಕಾಗದ ಹೋದರೂ ಹೆಸರುಗಳು ಹೋಗಲಿಲ್ಲ. ಪಾರ್ಕಿನಲ್ಲಿ ಯಾರಾದರೂ ನಮಸ್ತೆ ಅಂದರೆ ಇವಳು ಎಷ್ಟನೇ ಸಹಿ ಅಂತಲೇ ಮೊದಲು ನೆನಪಾಗ್ತದೆ. ಅದಕ್ಕೇ ಆ ಬೆಂಚು" ಎಂದರು.

ಅವತ್ತು ಸಂಜೆಯೇ ಉಳಿದ ಮನೆಗಳಿಗೆ ಹೋಗಿ ಎಲ್ಲ ಹೇಳಿದೆ. ಮೂರನೇ ಮನೆಯವರು ಬಾಗಿಲಲ್ಲೇ ನಿಲ್ಲಿಸಿ, "ಆರು ತಿಂಗಳು ನಮ್ಮ ತಲೆಯ ಮೇಲೆ ಕಲ್ಲಿಟ್ಟು ನೀನು ಸುಮ್ಮನೆ ಇದ್ದೆಯಾ?" ಎಂದರು. ಹೌದು ಎಂದೆ.  ನಾನು ದಿನಾ ಬೆಳಿಗ್ಗೆ ಹನ್ನೊಂದು ಗಂಟೆಗೆ ಏಳನೇ ವಿಲ್ಲಾಕ್ಕೆ ಹೋಗಿ ವಂದನಾರ ಜೊತೆ ಕೂರತೊಡಗಿದೆ. ಉಳಿದವರಿಗೆ ನಾಚಿಕೆ, ಯಾರೂ ಬರಲಿಲ್ಲ.

ನವೆಂಬರ್ ಹೋಯಿತು, ಕಾಗದ ಬರಲಿಲ್ಲ. ಹೆನ್ರಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಗಾಲಿಗಳಿಗೆ ಎಣ್ಣೆ ಬಿಟ್ಟರು. ಶರಲ್ ಅದನ್ನು ನೋಡಿಯೂ ನೋಡದ ಹಾಗೆ ಪ್ರಿಪರೇಟರಿಗೆ ಓದಿದಳು. ಅವಳ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ಪುಟ ತಿರುಗಿಸುವ ಸದ್ದು ಕೇಳದಿದ್ದರೆ ಅಳುತ್ತಿದ್ದಾಳೆ ಎಂದು ನನಗೆ ತಿಳಿಯುತ್ತಿತ್ತು. ಡಿಸೆಂಬರಿನ ಹಾಳೆಯಲ್ಲಿ ವಿಟೆಲಿಯಸನೂ ಬಿದ್ದ. ನಾಲ್ಕನೆಯವನನ್ನು ಚಕ್ರವರ್ತಿಯೆಂದು ಒಪ್ಪಿಕೊಂಡಾಯಿತು, ಅವನಿನ್ನೂ ರೋಮಿಗೆ ತಲುಪಿರಲಿಲ್ಲ. ನಮ್ಮಲ್ಲೂ ನಾಗಪುರದವರಿಗೆ ಒಮಾನಿನ ಸಲಾಲಾಕ್ಕೆ ವರ್ಗವಾಯಿತು. ನಾಲ್ಕನೆಯವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಕ್ರಿಸ್ಮಸ್ಸಿಗೆ ನಾಲ್ಕು ದಿನ ಇರುವಾಗ ಹೆನ್ರಿ ಮಧ್ಯಾಹ್ನವೇ ಮನೆಗೆ ಬಂದರು. ಮಧ್ಯಾಹ್ನ ಬರುವುದು ಖಲಾಸ್ ಆದವರು ಮಾತ್ರ. ನಾನು ಗ್ಯಾಸ್ ಆರಿಸಿ ಹೊರಗೆ ಬಂದೆ. ಅವರು ಮಡಚಿದ ಕಾಗದವನ್ನು ಮೇಜಿನ ಮೇಲಿಟ್ಟರು. ಆರು ತಿಂಗಳ ವಿಸ್ತರಣೆ. ಜೂನ್ ಕೊನೆಯವರೆಗೆ. ಕೆಳಗೆ ನಾಗಪುರದವರ ಸಹಿ, ಹೋಗುವ ಮುಂಚಿನ ಕೊನೆಯ ಕಾಗದದ ಕಟ್ಟಿನಲ್ಲಿ ಹಾಕಿದ್ದು. ಶರಲ್ ಕೋಣೆಯಿಂದ ಬಂದು ಓದಿದಳು. "ಜೂನ್. ಮಾರ್ಚ್ ಈಸ್ ಬಿಫೋರ್ ಜೂನ್" ಎಂದಳು, ಒಂದನೇ ಕ್ಲಾಸಿನ ಮಗುವಿನ ಹಾಗೆ. ಆಮೇಲೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಪುಟ ತಿರುಗಿಸುವ ಸದ್ದು ಕೇಳಿತು. ಅವಳು ಪರೀಕ್ಷೆ ಬರೆದದ್ದು, ಜೂನಿನಲ್ಲಿ ನಾವು ಖಲೀಫಾ ಸಿಟಿಗೆ ಬಂದದ್ದು ಆಮೇಲಿನ ಮಾತು.

ಮರುದಿನ ಏಳರ ಮುಂದೆ ಲಾರಿ ಬಂದು ನಿಂತಿತು. ಸಾಹಿರಾ ನಮ್ಮ ಮನೆಗೆ ಓಡಿ ಬಂದಳು. ಅವಳ ಹಿಂದೆ ಮೂರನೆಯ, ಎಂಟನೆಯ ಮನೆಯವರು. ಕೈಯಲ್ಲಿ ಹೂವಿನ ಚಿತ್ರದ ದೊಡ್ಡ ಕಾರ್ಡು.

"ಬೇಗ ಬರಿ ಐರಿನ್‌ಬಾಯ್. ನಿನ್ನ ಅಕ್ಷರದಲ್ಲಿ ಎರಡು ಒಳ್ಳೆ ಮಾತು. ನಾವೆಲ್ಲ ಸಹಿ ಹಾಕ್ತೇವೆ, ನೀನು ಹೋಗಿ ಕೊಡು."

"ಅವರಿಗೆ ನಮ್ಮ ಸಹಿ ಬೇಡ ಸಾಹಿರಾ. ಅದು ಒಮ್ಮೆ ಸಿಕ್ಕಿಯಾಗಿದೆ."

"ಮತ್ತೆ ಎಂತ ಮಾಡುದು?"

"ನಿನ್ನ ಹೆಸರು ನೀನೇ ಹೋಗಿ ಹೇಳು."

ಸಾಹಿರಾ ನನ್ನನ್ನು ದುರುಗುಟ್ಟಿ ನೋಡಿದಳು. "ಕಾನ್ವೆಂಟಿನವರ ಸಹವಾಸ ಅಲ್ಲ ಮಾರಾಯ್ತಿ" ಎಂದು ಗೊಣಗಿ, ಅಬಾಯಾ ಸರಿಮಾಡಿಕೊಂಡು, ಉಳಿದವರಿಗೆ "ಯಲ್ಲಾ, ನಡೀರಿ" ಎಂದಳು. ನಾನು ಹಿಂದೆ ಹೋದೆ. ಏಳರ ಬಾಗಿಲು ತೆರೆದೇ ಇತ್ತು. ವಂದನಾ ಒಂದು ಪೆಟ್ಟಿಗೆಯ ಮೇಲೆ ಮೊಣಕಾಲೂರಿ ಮುಚ್ಚಳ ಒತ್ತಿ ಹಿಡಿದಿದ್ದರು, ಇನ್ನೊಂದು ಕೈ ಟೇಪು ತಡಕುತ್ತಿತ್ತು.

ಸಾಹಿರಾ ಹೊಸ್ತಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡಳು. "ನಾನು ಐದನೇ ಮನೆಯ ಸಾಹಿರಾ."

"ಗೊತ್ತು, ಹದಿನಾಲ್ಕನೇ ಸಹಿ" ಎಂದರು ವಂದನಾ ತಲೆಯೆತ್ತಿ. ಆಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. "ಬನ್ನಿ, ಈ ಮುಚ್ಚಳ ಹಿಡಿದುಕೊಳ್ಳಿ. ಒಬ್ಬಳಿಂದ ಆಗುತ್ತಿಲ್ಲ."